ಟೆನೆಸಿಯ ಡೇಟನ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಟೆನೆಸಿ ರಾಜ್ಯದ ಡೇಟನ್ ಬಗ್ಗೆ ಮಾತು ಬಂದಾಗ, ಪತ್ರಗಳಲ್ಲಿ ಮತ್ತು ಕಾಮೆಂಟುಗಳಲ್ಲಿ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಹೆಚ್ಚಿನವರಿಗೆ ಈ ಊರು ಗೊತ್ತಿರುವುದು 1925ರ ಸ್ಕೋಪ್ಸ್ ಕೇಸಿನಿಂದ ಮಾತ್ರ, ಅಂದರೆ ವಿಕಾಸವಾದ ಕಲಿಸಿದರು ಅಂತ ಇಲ್ಲಿನ ಶಾಲಾ ಮೇಷ್ಟ್ರೊಬ್ಬರ ಮೇಲೆ ನಡೆದ ವಿಚಾರಣೆಯಿಂದ. ಕೇಸೇನೋ ದೊಡ್ಡದೇ. ಆದರೆ ಅದು ಈ ಊರಿಗೇ ಯಾಕೆ ಬಂತು ಅಂತ ತಿಳಿಯಬೇಕಾದರೆ ಅದಕ್ಕೂ ಮುಂಚಿನ ರೈಲು, ಗಣಿ, ಕುಲುಮೆಗಳ ಕಥೆ ಗೊತ್ತಿರಬೇಕು. ಹಾಗಾಗಿ ದಯವಿಟ್ಟು ಎರಡನೇ ಭಾಗವನ್ನು ದಾಟಿ ಮುಂದೆ ಹೋಗಬೇಡಿ.

## ಮೊದಲ ಪರಿಚಯ

ಡೇಟನ್ ಅಂದ್ರೆ ಒಹಾಯೋದಲ್ಲಿರೋ ದೊಡ್ಡ ಊರಲ್ವಾ?

ಅದು ಬೇರೆ. ರೈಟ್ ಸಹೋದರರ ಊರು ಒಹಾಯೋದ ಡೇಟನ್. ಇಲ್ಲಿ ಹೇಳುತ್ತಿರುವುದು ಟೆನೆಸಿಯ ಆಗ್ನೇಯ ಭಾಗದಲ್ಲಿರುವ ಪುಟ್ಟ ಊರು. ಚಾಟನೂಗ ನಗರದಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್. ಒಂದು ಕಡೆ ಕಂಬರ್ಲೆಂಡ್ ಪ್ರಸ್ಥಭೂಮಿಯ ಗೋಡೆಯಂಥ ಬೆಟ್ಟಸಾಲು, ಇನ್ನೊಂದು ಕಡೆ ಟೆನೆಸಿ ನದಿ. 2020ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 7 ಸಾವಿರ. ಇದು ರೇ ಕೌಂಟಿಯ ಕೇಂದ್ರ. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿ ‘ರೀಯಾ’ ಅಂತ ಓದುವವರು ಜಾಸ್ತಿ, ಆದರೆ ಅಲ್ಲಿನವರು ‘ರೇ’ ಅಂತಲೇ ಹೇಳುತ್ತಾರೆ.

ಕೌಂಟಿ ಸೀಟ್ ಅಂದ್ರೆ ನಮ್ಮ ತಾಲ್ಲೂಕು ಕೇಂದ್ರದ ಥರಾನಾ?

ಗಾತ್ರದಲ್ಲಿ, ಓಡಾಟದಲ್ಲಿ ಹೌದು. ಜಮೀನಿನ ನೋಂದಣಿ, ಮದುವೆ ಲೈಸೆನ್ಸ್, ತೆರಿಗೆ, ಕೋರ್ಟ್ ಕೆಲಸ, ಎಲ್ಲಕ್ಕೂ ಸುತ್ತಲಿನವರು ಇಲ್ಲಿಗೇ ಬರಬೇಕು. ಅಧಿಕಾರ ಎಲ್ಲಿಂದ ಬರುತ್ತದೆ ಅನ್ನುವುದರಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ತಹಶೀಲ್ದಾರರನ್ನು ಸರ್ಕಾರ ನೇಮಿಸುತ್ತದೆ. ಅಲ್ಲಿ ಶೆರಿಫ್, ಕೌಂಟಿ ಕ್ಲರ್ಕ್, ದಸ್ತಾವೇಜು ನೋಂದಣಿ ಅಧಿಕಾರಿ, ಇವರೆಲ್ಲ ಅಲ್ಲಿನ ಜನರ ಓಟಿನಿಂದಲೇ ಬರುತ್ತಾರೆ. ಟೆನೆಸಿಯಲ್ಲಿ ಇಂಥ 95 ಕೌಂಟಿಗಳಿವೆ. ಕೌಂಟಿ ಕೇಂದ್ರ ಅನ್ನುವ ಪಟ್ಟ ಸಿಕ್ಕ ಊರು ಬೆಳೆಯುತ್ತಿತ್ತು, ಕಳೆದುಕೊಂಡ ಊರು ಸೊರಗುತ್ತಿತ್ತು. ರೇ ಕೌಂಟಿಯಲ್ಲೂ ಹೀಗೇ ಆಯಿತು. ಅದನ್ನು ಮುಂದೆ ನೋಡೋಣ.

ಅಟ್ಲಾಂಟಾದಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾ? ನೋಡೋಕೆ ಏನಿದೆ?

ಬರಬಹುದು. ಒಂದು ಕಡೆಗೆ ಎರಡೂವರೆಯಿಂದ ಮೂರು ಗಂಟೆ. ಚಾಟನೂಗ ದಾಟಿ 27ನೇ ಹೆದ್ದಾರಿ ಹಿಡಿದರೆ ಸಾಕು. ಮೊದಲು ಕೋರ್ಟ್‌ಹೌಸ್‌ಗೆ ಹೋಗಿ. 1891ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಕಟ್ಟಡ, ಮೇಲೊಂದು ಗಡಿಯಾರದ ಗೋಪುರ. ಎರಡನೇ ಅಂತಸ್ತಿನಲ್ಲಿ ವಿಚಾರಣೆ ನಡೆದ ಹಾಲ್ ಇದೆ. ಅದನ್ನು 1925ರಲ್ಲಿ ಇದ್ದ ಹಾಗೆಯೇ ಕಾಪಾಡಿದ್ದಾರೆ. ನ್ಯಾಯಾಧೀಶರ ಪೀಠ, ಜನ ಕೂರುತ್ತಿದ್ದ ಮರದ ಕುರ್ಚಿಗಳು, ಎಲ್ಲ ಆಗಿನವೇ. ನೆಲಮಾಳಿಗೆಯಲ್ಲಿ ಮ್ಯೂಸಿಯಂ ಇದೆ. 1976ರಲ್ಲಿ ಈ ಕಟ್ಟಡವನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕ ಅಂತ ಘೋಷಿಸಿದರು.

ಜುಲೈನಲ್ಲಿ ಹೋದರೆ ಅದೇ ಹಾಲಿನಲ್ಲಿ ವಿಚಾರಣೆಯ ನಾಟಕ ಆಡುತ್ತಾರೆ. ಮೇ ತಿಂಗಳಲ್ಲಿ ಸ್ಟ್ರಾಬೆರಿ ಹಬ್ಬ. ಒಂದು ಕಾಲದಲ್ಲಿ ಈ ಕೌಂಟಿಯ ರೈತರಿಗೆ ಸ್ಟ್ರಾಬೆರಿಯೇ ದುಡ್ಡಿನ ಬೆಳೆ, ಹಬ್ಬ ಶುರುವಾಗಿದ್ದು 1947ರಲ್ಲಿ. ನನ್ನನ್ನು ಕೇಳಿದರೆ ಜುಲೈಗೇ ಹೋಗಿ. ಆ ಬಿಸಿಲಿನಲ್ಲಿ ಆ ಹಾಲಿನಲ್ಲಿ ಕೂತರೆ, ನ್ಯಾಯಾಧೀಶರು ಕೋರ್ಟನ್ನು ಹೊರಗಿನ ಮರದ ನೆರಳಿಗೆ ಯಾಕೆ ಒಯ್ದರು ಅಂತ ಯಾರೂ ವಿವರಿಸಬೇಕಾಗಿಲ್ಲ.

## ಕೇಸಿಗೂ ಮುಂಚೆ

ಈ ಊರು ಹುಟ್ಟಿದ್ದು ಹೇಗೆ?

ರೇ ಕೌಂಟಿ ಆಗಿದ್ದು 1807ರಲ್ಲಿ. ಆಗ ಕೇಂದ್ರವಾಗಿದ್ದದ್ದು ನದಿ ದಡದ ವಾಷಿಂಗ್ಟನ್ ಅನ್ನುವ ಹಳ್ಳಿ. ಡೇಟನ್ ಇರುವ ಜಾಗದಲ್ಲಿ ಆಗ ಒಂದು ಕೂಡುರಸ್ತೆ ಮಾತ್ರ ಇತ್ತು, ಅದನ್ನು ಸ್ಮಿತ್ಸ್ ಕ್ರಾಸ್‌ರೋಡ್ಸ್ ಅಂತ ಕರೆಯುತ್ತಿದ್ದರು. 1870ರ ದಶಕದ ಕೊನೆಗೆ ಹೆಸರು ಡೇಟನ್ ಆಯಿತು.

ಎಲ್ಲ ಬದಲಾಗಿದ್ದು ರೈಲಿನಿಂದ. ಸಿನ್ಸಿನಾಟಿ ನಗರ ತನ್ನದೇ ದುಡ್ಡಿನಲ್ಲಿ ಚಾಟನೂಗದವರೆಗೆ ರೈಲು ಹಳಿ ಹಾಕಿಸಿತು. 1880ರಲ್ಲಿ ಮುಗಿದ ಆ ಹಳಿ ನದಿ ದಡದ ವಾಷಿಂಗ್ಟನ್ ಬಿಟ್ಟು, ಬೆಟ್ಟದ ಬುಡದ ಡೇಟನ್ ಮೂಲಕ ಹಾದುಹೋಯಿತು. ದೋಣಿ ವ್ಯಾಪಾರ ಇಳಿಯಿತು, ಅಂಗಡಿಗಳು ಹಳಿಯ ಪಕ್ಕಕ್ಕೆ ಬಂದವು. 1890ರ ಸುಮಾರಿಗೆ ಕೌಂಟಿ ಕೇಂದ್ರವೂ ಇಲ್ಲಿಗೇ ಬಂತು. ಹಳೆಯ ಕೇಂದ್ರ ಹೆಚ್ಚುಕಡಿಮೆ ಅಳಿದೇ ಹೋಯಿತು.

ಅಲ್ಲಿ ಮೊದಲು ಇದ್ದ ಚೆರೋಕೀ ಜನ ಏನಾದರು?

19ನೇ ಶತಮಾನದ ಶುರುವಿನ ಒಪ್ಪಂದಗಳಲ್ಲಿ ಈ ಮೂಲನಿವಾಸಿಗಳ ನೆಲ ಒಂದೊಂದೇ ತುಂಡಾಗಿ ಬಿಳಿಯರ ಕೈಗೆ ಹೋಯಿತು. 1838ರಲ್ಲಿ ಉಳಿದವರನ್ನೂ ಸೈನ್ಯ ಹಿಡಿದು ಪಶ್ಚಿಮಕ್ಕೆ ಅಟ್ಟಿತು. ಡೇಟನ್‌ಗೆ ಹತ್ತಿರದಲ್ಲೇ ಬ್ಲೈತ್ಸ್ ಫೆರ್ರಿ ಅನ್ನುವ ದೋಣಿ ದಾಟು ಇತ್ತು. ಸಾವಿರಾರು ಚೆರೋಕೀಗಳು ತಮ್ಮ ನೆಲವನ್ನು ಬಿಟ್ಟು ನದಿ ದಾಟಿದ್ದು ಅಲ್ಲಿಂದ. ಆ ವರ್ಷದ ಬರದಿಂದ ನದಿಯಲ್ಲಿ ನೀರು ಕಡಿಮೆಯಾಗಿ, ದಡದಲ್ಲೇ ಎಷ್ಟೋ ದಿನ ಕಾಯಬೇಕಾಯಿತು. ಈಗ ಅಲ್ಲಿ ಸ್ಮಾರಕ ಉದ್ಯಾನ ಇದೆ, ಕುಟುಂಬದ ಯಜಮಾನರ ಹೆಸರುಗಳನ್ನು ಕಲ್ಲಿನ ಮೇಲೆ ಕೆತ್ತಿದ್ದಾರೆ. ಕೋರ್ಟ್‌ಹೌಸ್ ನೋಡಿ ಸೀದಾ ವಾಪಸ್ ಹೊರಡುವವರಿಗೆ ನನ್ನ ವಿನಂತಿ ಇಷ್ಟೇ: ಅಲ್ಲಿಗೂ ಹೋಗಿ ಬನ್ನಿ.

ಸಿವಿಲ್ ವಾರ್‌ನಲ್ಲಿ ಹುಡುಗಿಯರದೇ ಕುದುರೆ ಪಡೆ ಇತ್ತಂತೆ, ನಿಜಾನಾ?

ನಿಜ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಆ ಅಂತರ್ಯುದ್ಧದಲ್ಲಿ, 1862ರಲ್ಲಿ, ರೇ ಕೌಂಟಿಯ ಕೆಲವು ಯುವತಿಯರು ‘ರೇ ಕೌಂಟಿ ಸ್ಪಾರ್ಟನ್ಸ್’ ಅಂತ ಗುಂಪು ಕಟ್ಟಿಕೊಂಡರು. ಅವರ ಅಣ್ಣತಮ್ಮಂದಿರು, ಅಪ್ಪಂದಿರು ದಕ್ಷಿಣದವರ ಸೈನ್ಯದಲ್ಲಿದ್ದರು. ಹುಡುಗಿಯರು ಅವರಿಗೆ ಊಟ, ಬಟ್ಟೆ ಒಯ್ದು ಕೊಡುತ್ತಿದ್ದರು. ಕಾದಾಡಿದವರಲ್ಲ. ಯುದ್ಧ ಮುಗಿಯುವ ಹೊತ್ತಿಗೆ, 1865ರ ಏಪ್ರಿಲ್‌ನಲ್ಲಿ, ಉತ್ತರದ ಸೈನಿಕರು ಅವರನ್ನು ಬಂಧಿಸಿ, ನದಿಯವರೆಗೆ ನಡೆಸಿ, ದೋಣಿಯಲ್ಲಿ ಚಾಟನೂಗಕ್ಕೆ ಒಯ್ದರು. ಅಲ್ಲಿನ ಜನರಲ್‌ಗೆ ಇದು ಅತಿಯಾಯಿತು ಅನ್ನಿಸಿತು. ನಿಷ್ಠೆಯ ಪ್ರಮಾಣ ಮಾಡಿಸಿಕೊಂಡು ವಾಪಸ್ ಕಳಿಸಿದರು.

ಗಣಿ, ಕಬ್ಬಿಣದ ಕಂಪನಿ ಅಂತ ಕೇಳಿದ್ದೇನೆ. ಅದು ಏನಾಯ್ತು?

ಈ ಊರಿನ ಕಥೆಯಲ್ಲಿ ಜನ ಕಡಿಮೆ ಕೇಳುವ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ ಇದು.

ಬೆಟ್ಟದಲ್ಲಿ ಕಲ್ಲಿದ್ದಲು ಇತ್ತು, ಕಣಿವೆಯಲ್ಲಿ ಕಬ್ಬಿಣದ ಅದಿರು, ಸುಣ್ಣದಕಲ್ಲು ಎರಡೂ ಇದ್ದವು. ಸಾಗಿಸುವುದಕ್ಕೆ ರೈಲು ಬಂದಿತ್ತು. 1880ರ ದಶಕದ ಮಧ್ಯದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಸಾಲ್ಟ್ ಮನೆತನದವರು ಇಲ್ಲಿ ಬಂಡವಾಳ ಹೂಡಿ ಡೇಟನ್ ಕೋಲ್ ಅಂಡ್ ಐರನ್ ಕಂಪನಿ ಕಟ್ಟಿದರು. ಉಣ್ಣೆ ಗಿರಣಿಯಿಂದ ಶ್ರೀಮಂತರಾದ ಮನೆತನ ಅದು. ಗಣಿಗಳು, ಕಲ್ಲಿದ್ದಲನ್ನು ಕುಲುಮೆಯ ಇಂಧನವಾಗಿಸುವ ಕೋಕ್ ಒಲೆಗಳು, ಬೀಡುಕಬ್ಬಿಣ ಇಳಿಸುವ ಎರಡು ದೊಡ್ಡ ಕುಲುಮೆಗಳು. ಕೆಲವೇ ವರ್ಷಗಳಲ್ಲಿ ಕೂಡುರಸ್ತೆಯೊಂದು ಎರಡೂವರೆ ಸಾವಿರಕ್ಕೂ ಹೆಚ್ಚು ಜನರ ಊರಾಯಿತು.

ಕಾರ್ಮಿಕರು ಇದಕ್ಕೆ ತೆತ್ತ ಬೆಲೆ ದೊಡ್ಡದು. ಗಣಿಯಲ್ಲಿ ಮತ್ತೆ ಮತ್ತೆ ಸ್ಫೋಟ. 1895ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ಗೆ ಕೆಲವೇ ದಿನ ಮೊದಲು, ಒಂದೇ ಸ್ಫೋಟದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. 1901 ಮತ್ತು 1902ರಲ್ಲೂ ಸ್ಫೋಟಗಳಾಗಿ ಜನ ಸತ್ತರು. ಸಂಬಳದ ಬದಲು ಕಂಪನಿಯ ಅಂಗಡಿಯಲ್ಲಿ ಮಾತ್ರ ನಡೆಯುವ ಚೀಟಿ ಕೊಡುವ ಪದ್ಧತಿ ಬೇರೆ ಇತ್ತು. ಕೇಳಿದರೆ ಚೀಟಿಗೆ ನಗದು ಕೊಡಬೇಕು ಅಂತ ಟೆನೆಸಿ 1899ರಲ್ಲಿ ಕಾನೂನು ಮಾಡಿತು. ಕಂಪನಿ ಅದರ ವಿರುದ್ಧ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1901ರಲ್ಲಿ ಸೋತಿತು. ಡೇಟನ್ ಹೆಸರು ದೇಶದ ಕಾನೂನು ಚರಿತ್ರೆಗೆ ಮೊದಲು ಸೇರಿದ್ದು ಹೀಗೆ, ಕೂಲಿಯವರ ಕಡೆಯ ತೀರ್ಪಿನಿಂದ. 1925ರ ಕೇಸು ಬಂದಿದ್ದು ಅದಕ್ಕೂ ಸುಮಾರು ಕಾಲು ಶತಮಾನದ ನಂತರ.

1913ರಲ್ಲಿ ಕಂಪನಿ ದಿವಾಳಿಯಾಯಿತು. ಕುಲುಮೆಗಳು ಆರಿದವು. ಜನ ಗುಳೆ ಹೋದರು. 1920ರ ಹೊತ್ತಿಗೆ ಜನಸಂಖ್ಯೆ ಎರಡು ಸಾವಿರದ ಒಳಗೆ ಇಳಿದಿತ್ತು. ಖಾಲಿ ಮನೆಗಳು, ಹಣ್ಣು ಬೆಳೆದು ಬದುಕುವ ರೈತರು, ಊರಿಗೆ ಮತ್ತೆ ಒಳ್ಳೆಯ ಕಾಲ ಬರುತ್ತದಾ ಅಂತ ಕಾಯುವ ವ್ಯಾಪಾರಿಗಳು. ಇದು ನೆನಪಿರಲಿ.

## 1925

ಕೇಸ್ ಏನು ಅಂತ ಎರಡು ಮಾತಲ್ಲಿ ಹೇಳಿ

1925ರ ಮಾರ್ಚ್‌ನಲ್ಲಿ ಟೆನೆಸಿ ಒಂದು ಕಾನೂನು ಮಾಡಿತು. ಮನುಷ್ಯ ಕೆಳಗಿನ ದರ್ಜೆಯ ಪ್ರಾಣಿಗಳಿಂದ ಬಂದ ಅಂತ ಸರ್ಕಾರಿ ಶಾಲೆಗಳಲ್ಲಿ ಕಲಿಸುವಂತಿಲ್ಲ, ಕಲಿಸಿದರೆ 100ರಿಂದ 500 ಡಾಲರ್ ದಂಡ. ಅದನ್ನು ತಂದವರು ಜಾನ್ ಬಟ್ಲರ್ ಅನ್ನುವ ರೈತ ಶಾಸಕ. ಹಾಗಾಗಿ ಬಟ್ಲರ್ ಕಾಯ್ದೆ ಅಂತ ಹೆಸರು. ಡೇಟನ್‌ನ 24 ವರ್ಷದ ಮೇಷ್ಟ್ರು ಜಾನ್ ಸ್ಕೋಪ್ಸ್ ಮೇಲೆ ಈ ಕಾಯ್ದೆಯಡಿ ಕೇಸು ಹಾಕಿದರು. ಜುಲೈ 10ರಿಂದ 21ರವರೆಗೆ, ಒಟ್ಟು ಎಂಟು ದಿನ ಕೋರ್ಟ್ ಕೂತಿತು. ತೀರ್ಪು: ತಪ್ಪಿತಸ್ಥ, 100 ಡಾಲರ್ ದಂಡ.

ಇಷ್ಟು ಚಿಕ್ಕ ಊರಿಗೇ ಯಾಕೆ ಬಂತು ಇದು?

ಊರಿನವರೇ ಕರೆದು ತಂದರು. ನಾಗರಿಕ ಹಕ್ಕುಗಳ ಸಂಘ ಎಸಿಎಲ್‌ಯು, ಈ ಕಾಯ್ದೆಯನ್ನು ಪ್ರಶ್ನಿಸುವ ಮೇಷ್ಟ್ರಿಗೆ ನಾವು ಸಹಾಯ ಮಾಡುತ್ತೇವೆ ಅಂತ ಘೋಷಿಸಿತ್ತು. ಮೇ ತಿಂಗಳ ಶುರುವಿನಲ್ಲಿ ಆ ಸುದ್ದಿ ಚಾಟನೂಗದ ಪತ್ರಿಕೆಯಲ್ಲಿ ಬಂತು. ಅದನ್ನು ಓದಿದವರು ಜಾರ್ಜ್ ರ್ಯಾಪಲ್‌ಯೇ. ನ್ಯೂಯಾರ್ಕ್ ಕಡೆಯಿಂದ ಬಂದ ಎಂಜಿನಿಯರ್, ಹಳೆಯ ಕಬ್ಬಿಣದ ಕಂಪನಿಯಲ್ಲಿ ಉಳಿದಿದ್ದ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದ ಮ್ಯಾನೇಜರ್. ಅವರಿಗೆ ಕಾಯ್ದೆ ಇಷ್ಟವಿರಲಿಲ್ಲ. ಪತ್ರಿಕೆ ಹಿಡಿದು ನೇರ ರಾಬಿನ್ಸನ್ ಅವರ ಡ್ರಗ್ ಸ್ಟೋರ್‌ಗೆ ಹೋದರು. ಔಷಧಿ, ಸೋಡಾ, ಹರಟೆ ಎಲ್ಲ ಒಂದೇ ಕಡೆ ಸಿಗುತ್ತಿದ್ದ ಅಂಗಡಿ ಅದು. ರಾಬಿನ್ಸನ್ ಕೌಂಟಿಯ ಶಾಲಾ ಮಂಡಳಿಯ ಅಧ್ಯಕ್ಷರೂ ಹೌದು, ಪಠ್ಯಪುಸ್ತಕ ಮಾರುವವರೂ ಹೌದು.

ಕೇಸು ನಡೆದರೆ ದೇಶವೆಲ್ಲ ಇತ್ತ ತಿರುಗುತ್ತದೆ, ಊರಿಗೆ ಜನ ಬರುತ್ತಾರೆ, ವ್ಯಾಪಾರ ಆಗುತ್ತದೆ. ಕಾಯ್ದೆಯ ಪರ ಇದ್ದವರೂ ವಿರುದ್ಧ ಇದ್ದವರೂ ಈ ವಿಷಯದಲ್ಲಿ ಒಂದಾದರು. ಸುಮ್ನೆ ಪ್ರಚಾರದ ಹುಚ್ಚು ಅಂತ ಇದನ್ನು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕುಲುಮೆ ಆರಿ ಹನ್ನೆರಡು ವರ್ಷವಾಗಿದ್ದ ಊರು ಉಳಿಯುವ ದಾರಿ ಹುಡುಕುತ್ತಿತ್ತು.

ಸ್ಕೋಪ್ಸ್ ನಿಜವಾಗ್ಲೂ ವಿಕಾಸವಾದ ಪಾಠ ಮಾಡಿದ್ರಾ? ಜೈಲಿಗೆ ಹೋದ್ರಾ?

ಜೈಲಿಗೆ ಹೋಗಲೇ ಇಲ್ಲ. ಪಾಠದ ವಿಷಯಕ್ಕೆ ಬಂದರೆ, ಅವರು ಫುಟ್‌ಬಾಲ್ ಕೋಚ್, ಜೊತೆಗೆ ಸಾಮಾನ್ಯ ವಿಜ್ಞಾನ ಕಲಿಸುತ್ತಿದ್ದರು. ಜೀವಶಾಸ್ತ್ರದ ಮೇಷ್ಟ್ರು ಬೇರೆಯವರು. ಅವರು ರಜೆಯಲ್ಲಿದ್ದಾಗ ಸ್ಕೋಪ್ಸ್ ಪಾಠ ನೋಡಿಕೊಂಡಿದ್ದರು. ಟೆನಿಸ್ ಆಡುತ್ತಿದ್ದವರನ್ನು ಡ್ರಗ್ ಸ್ಟೋರ್‌ಗೆ ಕರೆಸಿ ಕೇಳಿದಾಗ ಅವರು ಕಪಾಟಿನಿಂದ ಜೀವಶಾಸ್ತ್ರದ ಪುಸ್ತಕ ತೆಗೆದು ತೋರಿಸಿದರು. ವಿಕಾಸವಾದ ಅದರಲ್ಲೇ ಇತ್ತು. ಆ ಪುಸ್ತಕವನ್ನು ಗೊತ್ತು ಮಾಡಿದ್ದು ರಾಜ್ಯ ಸರ್ಕಾರ. ಅಂದರೆ ಸರ್ಕಾರ ಕೊಟ್ಟ ಪುಸ್ತಕವನ್ನು ಕಲಿಸಿದರೆ ಸರ್ಕಾರದ ಕಾನೂನು ಮುರಿದ ಹಾಗೆ! ಆ ಒಂದು ಪಾಠವನ್ನು ತಾವು ತರಗತಿಯಲ್ಲಿ ಮಾಡಿದ್ದು ಸ್ಕೋಪ್ಸ್‌ಗೆ ಸರಿಯಾಗಿ ನೆನಪಿರಲಿಲ್ಲ. ಆದರೂ ಕೇಸಿಗೆ ಒಪ್ಪಿದರು. ವಿಚಾರಣೆಯಲ್ಲಿ ಅವರು ಸಾಕ್ಷಿ ಹೇಳಲಿಲ್ಲ. ದಂಡ ಹಾಕಿದ ಮೇಲೆ ಮಾತ್ರ ಎದ್ದು ನಿಂತು, ಇದು ಅನ್ಯಾಯದ ಕಾನೂನು, ಮುಂದೆಯೂ ವಿರೋಧಿಸುತ್ತೇನೆ ಅಂತ ಹೇಳಿದರು. ಆಮೇಲೆ ಷಿಕಾಗೋದಲ್ಲಿ ಭೂವಿಜ್ಞಾನ ಓದಿ, ತೈಲ ಮತ್ತು ಅನಿಲದ ಕಂಪನಿಗಳಲ್ಲಿ ಕೆಲಸ ಮಾಡಿದರು. 1970ರಲ್ಲಿ ತೀರಿಕೊಂಡರು.

ಆ ದಿನಗಳಲ್ಲಿ ಊರು ಹೇಗಿತ್ತು?

ಜಾತ್ರೆಯೇ. ನೂರಕ್ಕೂ ಹೆಚ್ಚು ಪತ್ರಕರ್ತರು, ರಸ್ತೆ ಬದಿಯಲ್ಲಿ ತಿಂಡಿ ಅಂಗಡಿಗಳು, ಬೈಬಲ್ ಹಿಡಿದ ಬೋಧಕರು. ಜೋ ಮೆಂಡಿ ಅನ್ನುವ ಚಿಂಪಾಂಜಿಗೆ ಸೂಟು ಹಾಕಿಸಿ ಕರೆತಂದಿದ್ದರು. ಷಿಕಾಗೋದ ಡಬ್ಲ್ಯುಜಿಎನ್ ರೇಡಿಯೋ ಕೋರ್ಟಿನೊಳಗೇ ಮೈಕ್ ಇಟ್ಟು ಪ್ರಸಾರ ಮಾಡಿತು. ಅಮೆರಿಕದಲ್ಲಿ ವಿಚಾರಣೆಯೊಂದು ರೇಡಿಯೋದಲ್ಲಿ ನೇರವಾಗಿ ಕೇಳಿಸಿದ್ದು ಅದೇ ಮೊದಲು.

ಹೊರಗಿನವರನ್ನು ಊರು ಚೆನ್ನಾಗಿಯೇ ನೋಡಿಕೊಂಡಿತು. ಡೇಟನ್‌ನವರನ್ನು ಆಮೇಲೆ ಕಟುವಾಗಿ ಹಂಗಿಸಿದ ಬಾಲ್ಟಿಮೋರ್‌ನ ಪತ್ರಕರ್ತ ಮೆಂಕೆನ್ ಕೂಡ, ಬಂದ ಹೊಸದರಲ್ಲಿ ಊರಿನ ಚೆಲುವು ನೋಡಿ ಆಶ್ಚರ್ಯವಾಯಿತು ಅಂತಲೇ ಬರೆದಿದ್ದರು. ಅವರು ವಿಚಾರಣೆ ಮುಗಿಯುವ ಮೊದಲೇ ಹೊರಟುಹೋದರು. ಹಾಗಾಗಿ ಎಲ್ಲಕ್ಕಿಂತ ಹೆಸರಾದ ಏಳನೇ ದಿನ ಅವರು ಅಲ್ಲಿ ಇರಲಿಲ್ಲ.

ಕೋರ್ಟನ್ನು ಹೊರಗೆ ಮರದ ಕೆಳಗೆ ನಡೆಸಿದ್ದು ಯಾಕೆ?

ಸೆಕೆ ಒಂದು ಕಾರಣ. ಜನದ ಭಾರಕ್ಕೆ ಕಟ್ಟಡದ ನೆಲ ಕುಸಿದೀತು ಅನ್ನುವ ಭಯ ಇನ್ನೊಂದು. ಜುಲೈ 20ರ ಸೋಮವಾರ, ಅಂದರೆ ಏಳನೇ ದಿನ, ನ್ಯಾಯಾಧೀಶ ರಾಲ್‌ಸ್ಟನ್ ಕಲಾಪವನ್ನು ಹುಲ್ಲುಹಾಸಿನ ಮೇಲಿನ ಕಟ್ಟೆಗೆ ಒಯ್ದರು. ಅಲ್ಲಿ ಸ್ಕೋಪ್ಸ್ ಪರ ವಕೀಲ ಕ್ಲಾರೆನ್ಸ್ ಡ್ಯಾರೋ ಸರ್ಕಾರದ ಪರ ವಾದಿಸುತ್ತಿದ್ದ ವಿಲಿಯಂ ಜೆನಿಂಗ್ಸ್ ಬ್ರಯನ್ ಅವರನ್ನೇ ಬೈಬಲ್ ಪಂಡಿತರಾಗಿ ಸಾಕ್ಷಿಕಟ್ಟೆಗೆ ಕರೆದರು. ಬ್ರಯನ್ ಮೂರು ಸಲ ಅಧ್ಯಕ್ಷ ಪದವಿಗೆ ನಿಂತು ಸೋತವರು, ವಿದೇಶಾಂಗ ಸಚಿವರಾಗಿದ್ದವರು. ಸುಮಾರು ಎರಡು ಗಂಟೆ ಪ್ರಶ್ನೆ: ಯೋನನನ್ನು ಮೀನು ನುಂಗಿತಾ, ಯೆಹೋಶುವ ಸೂರ್ಯನನ್ನು ನಿಲ್ಲಿಸಿದನಾ, ಭೂಮಿಗೆ ವಯಸ್ಸೆಷ್ಟು. ಸೃಷ್ಟಿಯ ಆರು ದಿನಗಳು 24 ಗಂಟೆಯ ದಿನಗಳೇ ಆಗಿರಬೇಕೆಂದಿಲ್ಲ ಅಂತ ಬ್ರಯನ್ ಒಪ್ಪಿದರು. ಮರುದಿನ ನ್ಯಾಯಾಧೀಶರು ಆ ಇಡೀ ಸಾಕ್ಷ್ಯವನ್ನು ದಾಖಲೆಯಿಂದ ತೆಗೆಸಿದರು. ಜ್ಯೂರಿಯವರು, ಅಂದರೆ ತಪ್ಪಿತಸ್ಥ ಹೌದೋ ಅಲ್ಲವೋ ಅಂತ ಹೇಳಬೇಕಾದ ಊರಿನ ಸಾಮಾನ್ಯ ಜನರ ಗುಂಪು, ಅದನ್ನು ಕೇಳಲೇ ಇಲ್ಲ. ಕಾನೂನಿನ ವಾದ ನಡೆಯುವಾಗೆಲ್ಲ ಅವರನ್ನು ಹೊರಗೆ ಕಳಿಸುತ್ತಿದ್ದರು. ವಿಚಾರಣೆಯ ಬಹುಪಾಲು ಅವರ ಬೆನ್ನ ಹಿಂದೆಯೇ ನಡೆದುಹೋಯಿತು.

## ಇನ್ನೂ ಆಳಕ್ಕೆ

ಕೊನೆಗೆ ಗೆದ್ದಿದ್ದು ಯಾರು?

ಡೇಟನ್‌ನಲ್ಲಿ ಗೆದ್ದಿದ್ದು ಸರ್ಕಾರ. ಆದರೆ ಡ್ಯಾರೋ ತಾವೇ ಜ್ಯೂರಿಗೆ, ತಪ್ಪಿತಸ್ಥ ಅಂತಲೇ ತೀರ್ಪು ಕೊಡಿ ಅಂದರು. ಮೇಲ್ಮನವಿಗೆ ಹೋಗಬೇಕಾದರೆ ಮೊದಲು ಶಿಕ್ಷೆ ಆಗಬೇಕಲ್ವಾ? ತಮ್ಮ ಕೊನೆಯ ವಾದವನ್ನೂ ಅವರು ಬಿಟ್ಟುಕೊಟ್ಟರು. ಇದರಿಂದ ಬ್ರಯನ್ ಎಷ್ಟೋ ದಿನದಿಂದ ಸಿದ್ಧ ಮಾಡಿಟ್ಟುಕೊಂಡಿದ್ದ ಭಾಷಣಕ್ಕೂ ಅವಕಾಶ ತಪ್ಪಿತು. ಜ್ಯೂರಿ ಒಂಬತ್ತೇ ನಿಮಿಷದಲ್ಲಿ ವಾಪಸ್ ಬಂತು.

ಮುಂದಿನದು ಸಪ್ಪೆಯಾಗಿ ಮುಗಿಯಿತು. ಟೆನೆಸಿಯ ಸಂವಿಧಾನದ ಪ್ರಕಾರ 50 ಡಾಲರ್ ಮೀರಿದ ದಂಡವನ್ನು ಜ್ಯೂರಿಯೇ ಗೊತ್ತು ಮಾಡಬೇಕು. ಇಲ್ಲಿ ನ್ಯಾಯಾಧೀಶರು ಮಾಡಿದ್ದರು. 1927ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕಾಯ್ದೆ ಸರಿ ಅಂತ ಹೇಳಿ, ಈ ಒಂದು ಲೋಪಕ್ಕೆ ಶಿಕ್ಷೆ ರದ್ದು ಮಾಡಿತು. ಶಿಕ್ಷೆಯೇ ಇಲ್ಲ ಅಂದ ಮೇಲೆ ದೇಶದ ಸುಪ್ರೀಂ ಕೋರ್ಟಿಗೆ ಹೋಗುವ ದಾರಿಯೂ ಮುಚ್ಚಿತು. ಬಟ್ಲರ್ ಕಾಯ್ದೆ 1967ರವರೆಗೆ ಕಾನೂನು ಪುಸ್ತಕದಲ್ಲಿ ಉಳಿಯಿತು. ಅರ್ಕನ್ಸಾಸ್‌ನ ಇಂಥದೇ ಕಾನೂನನ್ನು ದೇಶದ ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು 1968ರಲ್ಲಿ.

ಬ್ರಯನ್ ಅಂದ್ರೆ ಬರೀ ವಿಜ್ಞಾನ ವಿರೋಧಿ ಮುದುಕ, ಅಷ್ಟೇ ತಾನೇ?

ಅಷ್ಟೇ ಅಲ್ಲ. ಅವರು ಜೀವನಪೂರ್ತಿ ರೈತರ, ಕೂಲಿಯವರ ಪರ ಮಾತಾಡಿದವರು. ಹೆಣ್ಣುಮಕ್ಕಳ ಓಟಿನ ಹಕ್ಕನ್ನು ಬೆಂಬಲಿಸಿದವರು. ಅಮೆರಿಕ ಯುದ್ಧದತ್ತ ಹೋಗುತ್ತಿದೆ ಅನ್ನಿಸಿದಾಗ ಸಚಿವ ಪದವಿಯನ್ನೇ ಬಿಟ್ಟವರು. ಬಲವಿದ್ದವನು ಉಳಿಯಲಿ, ಇಲ್ಲದವನು ಅಳಿಯಲಿ ಅನ್ನುವ ಮಾತು ಬಡವರ ಮೇಲೆ ತಿರುಗುತ್ತದೆ ಅನ್ನುವ ಭಯ ಅವರಿಗಿತ್ತು. ಸ್ಕೋಪ್ಸ್ ತೋರಿಸಿದ ಪಠ್ಯಪುಸ್ತಕದಲ್ಲಿ ವಿಕಾಸವಾದದ ಜೊತೆಗೆ ಜನಾಂಗಗಳಲ್ಲಿ ಮೇಲುಕೀಳು ಇದೆ ಅನ್ನುವ ಪಾಠವೂ ಇತ್ತು. ‘ಒಳ್ಳೆಯ ತಳಿ’ಯ ಮನುಷ್ಯರನ್ನು ಬೆಳೆಸಬೇಕು ಅನ್ನುವ ಪಾಠವೂ ಇತ್ತು. ಆ ಭಯಕ್ಕೆ ಆಧಾರ ಇತ್ತು. ಆದರೆ ಅದಕ್ಕೆ ಅವರು ಕಂಡ ಮದ್ದು, ಮೇಷ್ಟ್ರ ಬಾಯಿಗೆ ಬೀಗ ಹಾಕುವುದು. ಅದು ತಪ್ಪು ಅಂತ ನಾನು ಖಂಡಿತ ನಂಬುತ್ತೇನೆ.

ತೀರ್ಪು ಬಂದು ಐದು ದಿನಕ್ಕೆ, ಜುಲೈ 26ರ ಭಾನುವಾರ, ಡೇಟನ್‌ನಲ್ಲೇ ಮಧ್ಯಾಹ್ನ ಮಲಗಿದ್ದಾಗ ಅವರು ತೀರಿಕೊಂಡರು. ಅವರ ಹೆಸರಿನ ಕಾಲೇಜು 1930ರಲ್ಲಿ ಶುರುವಾಯಿತು. ಮೊದಲ ತರಗತಿಗಳು ನಡೆದಿದ್ದು ಸ್ಕೋಪ್ಸ್ ಪಾಠ ಮಾಡಿದ್ದ ಅದೇ ಹೈಸ್ಕೂಲ್ ಕಟ್ಟಡದಲ್ಲಿ.

ನಾಟಕ, ಸಿನಿಮಾ ನೋಡಿದ್ದೇನೆ. ಅದಕ್ಕಿಂತ ಜಾಸ್ತಿ ಏನಿದೆ?

ಈ ಕೇಸಿನ ಮೇಲೆ ಬಂದ ‘ಇನ್ಹೆರಿಟ್ ದ ವಿಂಡ್’ ಅನ್ನುವ 1955ರ ನಾಟಕವೂ ಅದೇ ಹೆಸರಿನ 1960ರ ಸಿನಿಮಾವೂ ಒಳ್ಳೆಯ ಕಲೆ. ಆದರೆ ಇತಿಹಾಸ ಅಂತ ನೋಡಬೇಡಿ. ಅದನ್ನು ಬರೆದವರೇ ಊರಿನ ಹೆಸರು, ಜನರ ಹೆಸರು ಎಲ್ಲ ಬದಲಿಸಿದ್ದರು. ಅದರಲ್ಲಿ ಮೇಷ್ಟ್ರು ಜೈಲಿನಲ್ಲಿರುತ್ತಾರೆ, ಊರು ಅವರ ಮೇಲೆ ಕೆಂಡ ಕಾರುತ್ತದೆ. ಬ್ರಯನ್‌ರನ್ನು ಹೋಲುವ ಪಾತ್ರ ಕೋರ್ಟಿನಲ್ಲೇ ಕುಸಿಯುತ್ತದೆ. ಡೇಟನ್‌ನಲ್ಲಿ ಇದಾವುದೂ ಆಗಲಿಲ್ಲ. ಕೇಸು ಹಾಕಿದ ವಕೀಲರಲ್ಲೊಬ್ಬರಾದ ಸ್ಯೂ ಹಿಕ್ಸ್ (ಗಂಡಸು, ತೀರಿಹೋದ ತಾಯಿಯ ಹೆಸರು ಇಟ್ಟಿದ್ದರು) ಸ್ಕೋಪ್ಸ್‌ಗೆ ಗೆಳೆಯರೇ ಆಗಿದ್ದರು. ಗೆಳೆಯರು ಕೂತು ಮಾತಾಡಿ ಹಾಕಿಕೊಂಡ ಕೇಸನ್ನು ರಂಗದ ಮೇಲೆ ತಂದರೆ ನಾಟಕ ನಿಲ್ಲುವುದಿಲ್ಲವೇನೋ. ಆದರೆ ನಿಜವಾದ ಊರಿನ ಮೇಲೆ ಆ ಬಣ್ಣ ಅಂಟಿಕೊಂಡಿತು.

ಈಗ ಆ ಊರು ಹೇಗಿದೆ? ಜಗಳ ಮುಗಿದಿದೆಯಾ?

ಹೊಟ್ಟೆಪಾಡಿನ ವಿಷಯದಲ್ಲಿ ಊರು ಬಹಳ ಬದಲಾಗಿದೆ. 1940ರಲ್ಲಿ ಟೆನೆಸಿ ವ್ಯಾಲಿ ಅಥಾರಿಟಿ ಅನ್ನುವ ಸರ್ಕಾರಿ ಸಂಸ್ಥೆ ಕಟ್ಟಿದ ಚಿಕಮಾಗ ಅಣೆಕಟ್ಟಿನ ಹಿನ್ನೀರು ಊರಿನ ಹತ್ತಿರದವರೆಗೆ ಬಂತು. ಈಗ ಬಾಸ್ ಮೀನು ಹಿಡಿಯುವವರಿಗೆ ಇದು ಹೆಸರಾದ ಜಾಗ. ಸೋಫಾ ಕುರ್ಚಿ ಮಾಡುವ ಲೇ-ಝಿ-ಬಾಯ್ ಕಾರ್ಖಾನೆ ಇದೆ. ಫಿನ್‌ಲ್ಯಾಂಡಿನ ನೋಕಿಯನ್ ಟೈರ್ಸ್ 2019ರಲ್ಲಿ ಕಾರ್ಖಾನೆ ತೆರೆಯಿತು. ಅದೇ ಕೌಂಟಿಯ ಉತ್ತರಕ್ಕೆ ವಾಟ್ಸ್ ಬಾರ್ ಅಣು ವಿದ್ಯುತ್ ಸ್ಥಾವರ ಇದೆ.

ನಂಬಿಕೆಯ ವಿಷಯದಲ್ಲಿ ಮಾತುಕತೆ ನಿಂತಿಲ್ಲ. ಬ್ರಯನ್ ಕಾಲೇಜಿನ ವಿದ್ಯಾರ್ಥಿಗಳು ರೇ ಕೌಂಟಿಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಐವತ್ತು ವರ್ಷ ಬೈಬಲ್ ಪಾಠ ಮಾಡಿದ್ದರು. 2002ರಲ್ಲಿ ಫೆಡರಲ್ ಕೋರ್ಟ್ ಅದು ಸಂವಿಧಾನಕ್ಕೆ ವಿರುದ್ಧ ಅಂದಿತು, 2004ರಲ್ಲಿ ಮೇಲಿನ ಕೋರ್ಟೂ ಎತ್ತಿಹಿಡಿಯಿತು. ಕೋರ್ಟ್‌ಹೌಸ್ ಮುಂದೆ 2005ರಲ್ಲಿ ಬ್ರಯನ್ ಪ್ರತಿಮೆ ನಿಂತಿತು. ಡ್ಯಾರೋ ಪ್ರತಿಮೆ ಬಂದಿದ್ದು 2017ರಲ್ಲಿ. ಆಗ ಕೆಲವರು ವಿರೋಧಿಸಿದರು. ಆದರೂ ಈಗ ಇಬ್ಬರೂ ಒಂದೇ ಹುಲ್ಲುಹಾಸಿನ ಮೇಲೆ ಇದ್ದಾರೆ. ಊರು ಹೀಗೆ ಮಾಡಿದ್ದು ನನಗೆ ತುಂಬಾ ಇಷ್ಟವಾಯಿತು.

ಮೂಲ ದಾಖಲೆ ಓದಬೇಕು. ಎಲ್ಲಿಂದ ಶುರು ಮಾಡಲಿ?

ಕಲಾಪದ ಮಾತುಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡಿದ್ದರು. 1925ರಲ್ಲೇ ಅದು ಅಚ್ಚಾಯಿತು. ಇಡೀ ಓದಲು ಹೊರಟರೆ ಜ್ಯೂರಿ ಆಯ್ಕೆಯಲ್ಲೇ ಸುಸ್ತಾಗುತ್ತೀರಿ. ಮೊದಲು ಎರಡನೇ ದಿನ, ಜುಲೈ 13ರ ಡ್ಯಾರೋ ವಾದ ಓದಿ. ಆಮೇಲೆ ಐದನೇ ದಿನಕ್ಕೆ ಹೋಗಿ. ಆ ದಿನ ಸ್ಕೋಪ್ಸ್ ಕಡೆಯ ಇನ್ನೊಬ್ಬ ವಕೀಲ ಡಡ್ಲಿ ಫೀಲ್ಡ್ ಮ್ಯಾಲೋನ್, ವಿಜ್ಞಾನಿಗಳ ಸಾಕ್ಷ್ಯಕ್ಕೆ ಅವಕಾಶ ಕೊಡಿ ಅಂತ ಮಾಡಿದ ಭಾಷಣ ಇದೆ. ಬ್ರಯನ್ ಕಡೆಯ ಜನರೂ ಅದಕ್ಕೆ ಚಪ್ಪಾಳೆ ತಟ್ಟಿದ್ದರು. ಏಳನೇ ದಿನದ ಬ್ರಯನ್ ಸಾಕ್ಷ್ಯವನ್ನು ಕೊನೆಗೆ ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಇಬ್ಬರ ದನಿಯೂ ನಿಮಗೆ ಪರಿಚಯವಾಗಿರುತ್ತದೆ, ಯಾರು ಎಲ್ಲಿ ಎಡವಿದರು ಅಂತ ನೀವೇ ಹೇಳಬಲ್ಲಿರಿ.